ಉಪ್ಪು ಹಾಕಿದವರು ಯಾರು?

"ಈ ಸೂಪಿಗೆ ಉಪ್ಪು ಹಾಕಿದವರು ಯಾರು?"

ಅಡುಗೆಮನೆಯ ಬಾಗಿಲಲ್ಲಿ ನಿಂತು ಹಾಗೆ ಗುಡುಗಿದವನ ಕೈಯಲ್ಲಿ ಒಂದು ಸೌಟು ಇತ್ತು. ತರಕಾರಿ ಹೆಚ್ಚುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು.

"ನಾನೇ. ಏನೀಗ?" ಎಂದಳು ಅವಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ.

ಅವಳು ಆ ಅಡುಗೆಮನೆಯ ಒಡತಿ. ಮದುವೆಯಿರಲಿ, ಪಾರ್ಟಿಯಿರಲಿ, ಊಟದ ಹೊಣೆ ಹೊತ್ತು ನಡೆಸಿಕೊಡುವುದು ಅವಳ ಕೆಲಸ. ಅಪ್ಪ ಕಟ್ಟಿ ಬೆಳೆಸಿದ ಕೆಲಸವದು. ಅಪ್ಪ ಹೋದ ಮೇಲೆ ಇವಳ ಹೆಗಲಿಗೆ ಬಂದಿತ್ತು. ಕೆಲಸದವರೆಲ್ಲ ಅವಳನ್ನು 'ಅಕ್ಕ' ಎನ್ನುತ್ತಿದ್ದರು. ಪಾತ್ರೆ ತೊಳೆಯುವ ಹಲ್ಲಿಲ್ಲದ ಅಜ್ಜಿಯೂ ಅಕ್ಕ ಎನ್ನುತ್ತಿದ್ದಳು ಎಂದ ಮೇಲೆ ನಾವೂ ಹಾಗೇ ಕರೆದರೆ ತಪ್ಪೇನಿಲ್ಲ.

ಬಾಗಿಲಲ್ಲಿ ನಿಂತವನು ಆ ದಿನದ ಪಾರ್ಟಿಗೆ ಸಿಹಿ ಮಾಡಲು ಬೇರೆ ಕಡೆಯಿಂದ ಬಂದಿದ್ದವನು. ಎಲ್ಲರ ಬಾಯಲ್ಲೂ ಅವನು 'ಸಿಹಿಯವನು'. ಅವನ ಮಾತು ಕೇಳಿ ಇಟ್ಟ ಹೆಸರಂತೂ ಅಲ್ಲ!

"ಏನೀಗ ಅಂತ ಕೇಳ್ತೀರಾ ಮೇಡಂ? ತಗೊಳ್ಳಿ, ನೀವೇ ಕುಡಿದು ನೋಡಿ."

ಸೌಟನ್ನು ಅವಳ ಮುಖದ ಹತ್ತಿರ ಹಿಡಿದ. ಎಲ್ಲರೂ ನೋಡುತ್ತಿದ್ದರು. ಅಕ್ಕ ಸೌಟು ಇಸಿದುಕೊಂಡು ಒಂದೇ ಗುಟುಕಿಗೆ ಪೂರ್ತಿ ಕುಡಿದಳು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಸರಿಯಾಗೇ ಇದೆಯಲ್ಲ!"

ಆ ಸೂಪನ್ನು ಯಾವ ಮನುಷ್ಯನೂ ಮುಖ ಸಿಂಡರಿಸದೆ ನುಂಗಲು ಸಾಧ್ಯವಿರಲಿಲ್ಲ. ಅಷ್ಟು ಉಪ್ಪು! ಸಿಹಿಯವನು ಅವಳ ಕಣ್ಣುಗಳನ್ನೇ ನೋಡಿದ. ಆ ಕಣ್ಣುಗಳಲ್ಲಿ ಜಂಭವಿರಲಿಲ್ಲ... ಸಿಕ್ಕಿಬಿದ್ದವರ ಭಯವಿತ್ತು.

*ಇವರಿಗೆ ರುಚಿಯೇ ಗೊತ್ತಾಗುತ್ತಿಲ್ಲ!*

ಎಲ್ಲರೂ ಅವನ ಉತ್ತರಕ್ಕೆ ಕಾಯುತ್ತಿದ್ದರು. ಅವನು ಸೌಟು ವಾಪಸ್ ತೆಗೆದುಕೊಂಡ.

"ನಂದೇ ತಪ್ಪು," ಎಂದ ಮೆಲ್ಲಗೆ. "ಬೆಳಿಗ್ಗೆಯಿಂದ ಸಕ್ಕರೆ ಪಾಕದ ಹತ್ತಿರಾನೇ ನಿಂತಿದ್ದೀನಿ, ನಾಲಿಗೆ ಕೆಟ್ಟಿದೆ. ಇನ್ನೊಂದಿಷ್ಟು ಆಲೂಗಡ್ಡೆ ಬೇಯಿಸಿ ಹಾಕಿ, ನೀರು ಸೇರಿಸಿ. ಜನ ಜಾಸ್ತಿ ಬಂದಿದ್ದಾರೆ, ಸೂಪು ಹೇಗೂ ಸಾಲಲ್ಲ."

ಹಾಗೆ ಹೇಳಿ ತನ್ನ ಒಲೆಯ ಕಡೆ ಹೋಗಿಬಿಟ್ಟ.

ಅಕ್ಕನಿಗೆ ಒಂದು ಕೆಟ್ಟ ಜ್ವರ ಬಂದು ಹೋಗಿತ್ತು. ಜ್ವರ ಹೋಯಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. "ವಾಪಸ್ ಬರಬಹುದು" ಎಂದಿದ್ದ ಡಾಕ್ಟರು, ಆಮೇಲೆ ಅವಳ ಮುಖ ನೋಡದೆ "ಅಭ್ಯಾಸ ಮಾಡ್ಕೊಳ್ಳಿ" ಎಂದಿದ್ದರು. ಅಡುಗೆ ಮಾಡಿಸುವವಳಿಗೇ ರುಚಿ ಗೊತ್ತಿಲ್ಲ ಎಂದು ತಿಳಿದರೆ ಯಾರು ತಾನೇ ಮದುವೆ ಊಟ ಒಪ್ಪಿಸುತ್ತಾರೆ? ಅವಳು ಯಾರ ಹತ್ತಿರವೂ ತುಟಿ ಬಿಚ್ಚಲಿಲ್ಲ. ಅಮ್ಮನಿಗೂ ಹೇಳಲಿಲ್ಲ, ತಂಗಿಗೂ ಹೇಳಲಿಲ್ಲ.

ಆ ಅಡುಗೆಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟುಪಾಡಿತ್ತು. ಉಪ್ಪು ಹಾಕುವ ಕೈ ಒಂದೇ, ರುಚಿ ನೋಡುವ ನಾಲಿಗೆಯೂ ಒಂದೇ. ಉಪ್ಪು ಹಾಕಿದ ಕೂಡಲೇ ಪಾತ್ರೆಯ ಮುಚ್ಚಳವನ್ನು ಮಗುಚಿ, ಹಿಡಿ ಒಳಗಾಗುವಂತೆ ಇಡಬೇಕು. ಮುಚ್ಚಳ ಮಗುಚಿದ್ದರೆ ಉಪ್ಪಾಗಿದೆ, ನೆಟ್ಟಗಿದ್ದರೆ ಇನ್ನೂ ಆಗಿಲ್ಲ. ಎಷ್ಟೇ ಗಡಿಬಿಡಿಯಿದ್ದರೂ ಬಾಯಿಬಿಟ್ಟು ಕೇಳುವ ಗೋಜಿಲ್ಲ. ಅಪ್ಪ ಉಪ್ಪು ಹಾಕುವ ಹಕ್ಕನ್ನು ಮಗಳಿಗೆ ಬಿಟ್ಟು ಹೋಗಿದ್ದರು. ರುಚಿ ಹೋದ ಮೇಲೆ ಅವಳು ನಂಬಿದ್ದು ಕೈ ಅಳತೆ ಮತ್ತು ಮುಚ್ಚಳ, ಅವೆರಡನ್ನೇ.

ಆ ದಿನ ಪಾತ್ರೆಯಜ್ಜಿ ಸೂಪು ಕುದಿಯಿತೇ ಎಂದು ಇಣುಕಿ, ಮಗುಚಿದ್ದ ಮುಚ್ಚಳವನ್ನು ನೆಟ್ಟಗೆ ಇಟ್ಟಿದ್ದಳು. ಅಜ್ಜಿಯ ಕಣ್ಣು ಮಂಜು. ಅಕ್ಕ ಬಂದು ಮತ್ತೊಮ್ಮೆ ಉಪ್ಪು ಹಾಕಿದ್ದಳು.

ಪಾರ್ಟಿ ಮುಗಿದ ಮೇಲೆ ಅವಳೇ ಹಿತ್ತಲಿಗೆ ಹೋದಳು. ಸಿಹಿಯವನು ನಲ್ಲಿಯ ಹತ್ತಿರ ಬಾಣಲೆ ಉಜ್ಜುತ್ತಿದ್ದ.

"ಯಾರಿಗಾದ್ರೂ ಹೇಳ್ತೀರಾ?"

"ಏನನ್ನ?"

"ಗೊತ್ತಾಗಿದೆ ನಿಮಗೆ. ಸುಮ್ನೆ ಆಟ ಆಡಿಸ್ಬೇಡಿ."

ಅವನು ಬಾಣಲೆ ಬೋರಲು ಹಾಕಿ ಎದ್ದು ನಿಂತ.

"ನನ್ನ ಬಾಯಿ ಕೆಟ್ಟದ್ದು ಮೇಡಂ, ಒಪ್ಕೋತೀನಿ. ಆದ್ರೆ ಚಾಡಿ ಹೇಳೋ ಬಾಯಲ್ಲ." ಸ್ವಲ್ಪ ತಡೆದು ಸೇರಿಸಿದ. "ರುಚಿ ನೋಡೋಕೆ ಒಂದು ನಾಲಿಗೆ ಬೇಕಿದ್ರೆ ಹೇಳಿ. ನಂದು ಖಾಲಿ ಇದೆ."

ಅವಳಿಗೆ ನಗು ಬಂತು. ಜ್ವರದ ನಂತರ ಅವಳು ಮನಸ್ಸು ಬಿಚ್ಚಿ ನಕ್ಕಿದ್ದು ಅದೇ ಮೊದಲು.

*

ಸಿಹಿಯವನು ಅಕ್ಕನ ಅಡುಗೆಮನೆಗೇ ಬಂದುಬಿಟ್ಟ.

ಉಪ್ಪಿನ ಕೈ ಈಗ ಅವನದು. ಅಪ್ಪನ ಹಕ್ಕನ್ನು ಹೊರಗಿನವನಿಗೆ ಕೊಟ್ಟಳಲ್ಲ ಎಂದು ಕೆಲಸದವರು ಗುಸುಗುಸು ಮಾಡಿದರು. ಊಟ ಚೆನ್ನಾಗಿ ಆಗತೊಡಗಿದ ಮೇಲೆ ತಾವಾಗಿಯೇ ಸುಮ್ಮನಾದರು.

ನಿಜವಾದ ಪಜೀತಿ ಇದ್ದದ್ದು ರುಚಿ ನೋಡಲು ಬರುವ ಮನೆಯವರ ಮುಂದೆ. ಮದುವೆ ಗೊತ್ತಾದವರು ಮುಂದಿನ ಕೋಣೆಯಲ್ಲಿ ಕೂತು ಪುಟ್ಟ ಬಟ್ಟಲುಗಳಲ್ಲಿ ಒಂದೊಂದನ್ನೇ ಸವಿಯುವರು. ಅಕ್ಕನೂ ಜೊತೆಗೆ ಸವಿದು ಮಾತಾಡಬೇಕು. ಅವರ ಬೆನ್ನ ಹಿಂದೆ ಸಿಹಿಯವನು ನಿಲ್ಲುತ್ತಿದ್ದ. ಕಿವಿ ಮುಟ್ಟಿದರೆ ಉಪ್ಪು ಜಾಸ್ತಿ. ಮೂಗು ಮುಟ್ಟಿದರೆ ಖಾರ ಜಾಸ್ತಿ. ತಲೆ ಕೆರೆದುಕೊಂಡರೆ ಏನೋ ಕಡಿಮೆ.

"ಹುಳಿ ಒಂಚೂರು ಕಡಿಮೆ ಅನ್ನಿಸ್ತಿದೆ, ಸರಿ ಮಾಡ್ತೀವಿ," ಎನ್ನುವಳು ಅಕ್ಕ ಗಂಭೀರವಾಗಿ.

ಒಮ್ಮೆ ಒಬ್ಬ ಅತ್ತೆಯಮ್ಮ ಹಿಂದೆ ತಿರುಗಿ ನೋಡಿಯೇಬಿಟ್ಟರು. "ಅಡುಗೆಯವನ ತಲೇಲಿ ಹೇನಾ? ಆಗಿಂದ ಕೆರ್ಕೊಳ್ತಾನೇ ಇದ್ದಾನಲ್ಲ!"

ಅವರನ್ನು ಸಮಾಧಾನ ಮಾಡಿ ಕಳಿಸಿ ಬಾಗಿಲು ಹಾಕಿಕೊಂಡ ಮೇಲೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಮ್ಮ ಮಗಳ ನಗುವನ್ನೇ ನೋಡುತ್ತಾ ಕೂತಿದ್ದರು. ಅಮ್ಮನಿಗೆ ಮಂಡಿನೋವು, ಆದರೂ ಮನೆಯಲ್ಲಿ ಕೂರುವವರಲ್ಲ. ಬೆಳ್ಳುಳ್ಳಿ ಸುಲಿಯುವುದು ನೆಪ. ಊರಿನ ಸುದ್ದಿಯೆಲ್ಲ ಅಲ್ಲಿಗೇ ಬಂದು ಬೀಳುತ್ತಿತ್ತು.

ದಿನದ ಕೆಲಸ ಮುಗಿದು ಒಲೆ ಆರಿಸಿದ ಮೇಲೆ ಅಕ್ಕ ಕೇಳುವಳು.

"ಇವತ್ತಿನ ಸೂಪು ಹೇಗಿತ್ತು?"

ಸಿಹಿಯವನು ಯೋಚಿಸುವನು. "ಶಾಲೆಗೆ ಹೊರಟು ನಿಂತಾಗ ಇವತ್ತು ರಜೆ ಅಂತ ಗೊತ್ತಾದ್ರೆ ಹೇಗಿರತ್ತೆ? ಹಾಗಿತ್ತು."

"ಆ ಹುರಿದ ತರಕಾರಿ?"

"ಹೊರಟ ನೆಂಟರು ಕೊಡೆ ಮರೆತು ವಾಪಸ್ ಬಂದು ಮತ್ತೆ ಕೂತ್ಕೊಂಡ ಹಾಗೆ. ಸ್ವಲ್ಪ ಜಾಸ್ತಿ ಆಯ್ತು."

ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಾಲಿಗೆಗೆ ಸಿಗದ ರುಚಿ ಕಿವಿಯಿಂದ ಒಳಗಿಳಿದಂತೆ ಅನ್ನಿಸುತ್ತಿತ್ತು. *ಇವರು ಮಾತಾಡ್ತಾನೇ ಇರ್ಲಿ,* ಅಂದುಕೊಳ್ಳುವಳು. *ಊಟ ಬೇಡ, ಏನೂ ಬೇಡ... ಇಷ್ಟು ಸಾಕು.*

ಪ್ರೀತಿ ಎನ್ನುವ ಮಾತನ್ನು ಇಬ್ಬರೂ ಬಾಯಿಗೆ ತಂದಿರಲಿಲ್ಲ. ತಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ನಿಮಗೂ ನನಗೂ ಇಷ್ಟು ಸಂಕಟ ಇರುತ್ತಿರಲಿಲ್ಲ.

ಒಂದು ಸಂಜೆ ಅವನು ಚಿಕ್ಕ ಬಟ್ಟಲಲ್ಲಿ ಹಾಲಿನ ಸಿಹಿ ತಂದುಕೊಟ್ಟ. ಯಾವ ಆರ್ಡರಿಗೂ ಮಾಡಿದ್ದಲ್ಲ, ಅವಳಿಗೆಂದೇ ಮಾಡಿದ್ದು. ಅವಳು ತಿಂದಳು. ಬಾಯಲ್ಲಿ ಮೆತ್ತಗೆ ಏನೋ ಕರಗಿತು, ಅಷ್ಟೇ.

"ಹೇಗಿದೆ? ಹೇಳಿ."

ಅವನು ಬಟ್ಟಲನ್ನೇ ನೋಡಿದ. ಕಿವಿ ಕೆಂಪಾಯಿತು.

"ಇದಕ್ಕೆ... ಮಾತು ಸಿಗ್ತಿಲ್ಲ."

"ನಿಮಗೇ ಸಿಗ್ತಿಲ್ವಾ!"

"ನಾಳೆ ಹೇಳ್ತೀನಿ. ಖಂಡಿತ ಹೇಳ್ತೀನಿ."

ಅವನು ಹೇಳಬೇಕೆಂದಿರುವುದು ಸಿಹಿಯ ವಿಷಯ ಅಲ್ಲ ಎನ್ನುವುದು ಅಕ್ಕನಿಗೂ ಗೊತ್ತಿತ್ತು.

ಆ ನಾಳೆ ಬಂದದ್ದು ಬೇರೆಯದೇ ಮುಖ ಹೊತ್ತುಕೊಂಡು.

*

ಆ ವರ್ಷದ ದೊಡ್ಡ ಮದುವೆಯ ಊಟದ ಹೊಣೆ ಅಕ್ಕನಿಗೇ ಸಿಕ್ಕಿತ್ತು. ಬೆಳಿಗ್ಗೆ ಹುಡುಗಿಯ ಚಿಕ್ಕಪ್ಪ ಬಂದರು. ಕೂರಿ ಎಂದರೆ ಕೂರಲಿಲ್ಲ.

"ಬೇಜಾರು ಮಾಡ್ಕೋಬೇಡಮ್ಮ. ನಿನಗೆ ರುಚಿನೇ ಗೊತ್ತಾಗಲ್ವಂತೆ. ಹಾಗಿರುವಾಗ ನಮ್ಮ ಮನೆ ಮದುವೆ ಊಟ ಹೇಗಮ್ಮ ನಿನ್ನ ಕೈಗೆ ಕೊಡೋದು? ಬೇರೆಯವರನ್ನ ನೋಡ್ಕೊಂಡಿದ್ದೀವಿ."

"ಯಾರು... ಯಾರು ಹೇಳಿದ್ದು?"

"ಊರೆಲ್ಲ ಹೇಳ್ತಿದೆ. ಬರ್ತೀನಮ್ಮ."

ಈ ಗುಟ್ಟು ಗೊತ್ತಿದ್ದದ್ದು ಇಡೀ ಲೋಕದಲ್ಲಿ ಒಬ್ಬನಿಗೆ! ಅಷ್ಟರಲ್ಲಿ ತರಕಾರಿ ಹೆಚ್ಚುವ ಹೆಂಗಸೊಬ್ಬಳು ಇನ್ನೊಂದು ಸುದ್ದಿ ಹಾಕಿದಳು: ನಿನ್ನೆ ಸಿಹಿಯವನು ಎದುರಾಳಿ ಅಡುಗೆಯವರ ಮಳಿಗೆಯ ಮುಂದೆ ನಿಂತು ಏನೋ ಮಾತಾಡುತ್ತಿದ್ದನಂತೆ.

ಅವನು ಒಳಗೆ ಬಂದಾಗ ಅವನ ಮುಖವೂ ಬಾಡಿತ್ತು.

"ಹೊರಗೆ ಹೋಗಿ," ಎಂದಳು ಅಕ್ಕ.

"ಏನು?"

"ನನ್ನ ಅಡುಗೆಮನೆಯಿಂದ ಹೊರಗೆ ಹೋಗಿ. ನಾಲಿಗೆ ಖಾಲಿ ಇದೆ ಅಂದ್ರಲ್ಲ, ಬೇರೆಯವರಿಗೆ ಬಾಡಿಗೆಗೆ ಕೊಡಿ. ಈಗಾಗಲೇ ಕೊಟ್ಟಾಗಿದೆ ಅಂತ ಕಾಣತ್ತೆ!"

ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಮ್ಮನ ಕೈ ನಿಂತಿತು. ಸಿಹಿಯವನು ಒಮ್ಮೆ ಅಮ್ಮನ ಕಡೆ ನೋಡಿದ. ಮತ್ತೆ ಇವಳ ಕಡೆ.

"ನೀವು ನನ್ನನ್ನ ಕೇಳಲ್ವಾ? ಹೇಳಿದ್ದು ನೀವೇನಾ ಅಂತ... ಒಂದು ಮಾತು?"

"ಕೇಳೋದೇನಿದೆ?"

ಅವನು ಉಪ್ಪಿನ ಡಬ್ಬಿಯನ್ನು ಅವಳ ಮುಂದೆ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದ. *ಒಂದು ಸಲ ತಿರುಗಿ ನೋಡಿದ್ರೆ ಕರೀತೀನಿ,* ಅಂದುಕೊಂಡಳು ಅಕ್ಕ. *ಒಂದು ಸಲ ಕರೆದ್ರೆ ತಿರುಗ್ತೀನಿ,* ಎಂದು ಅವನೂ ಅಂದುಕೊಂಡಿದ್ದ. ಅವನು ತಿರುಗಲಿಲ್ಲ, ಅವಳು ಕರೆಯಲಿಲ್ಲ.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಕಣ್ಣೀರು ತುಟಿಗೆ ಇಳಿಯಿತು. ಅದಕ್ಕೂ ರುಚಿಯಿರಲಿಲ್ಲ.

*

ಆಮೇಲಿನದನ್ನು ಹೇಳಲು ಹೆಚ್ಚೇನಿಲ್ಲ. ಬಂದಿದ್ದ ಆರ್ಡರುಗಳು ಒಂದೊಂದಾಗಿ ವಾಪಸಾದವು. ಒಳ್ಳೆಯ ಕೈಗಳು ಬೇರೆ ಕಡೆ ಕೆಲಸ ಹುಡುಕಿಕೊಂಡವು. ಒಂದು ಒಲೆ ಉರಿಯುವ ದಿನ ಹಬ್ಬ ಎನ್ನುವಂತಾಯಿತು. ಅಕ್ಕ ಉಪ್ಪನ್ನು ಬಟ್ಟಲಲ್ಲಿ ಅಳೆದು ಹಾಕುತ್ತಿದ್ದಳು. ಊಟಕ್ಕೆ ಕೂತವರು ಬೈಯುತ್ತಿರಲಿಲ್ಲ, ಇನ್ನೊಮ್ಮೆ ಬಡಿಸಿ ಎಂದು ಕೇಳುತ್ತಲೂ ಇರಲಿಲ್ಲ.

ಕೊನೆಗೆ ಅಡುಗೆಮನೆಯನ್ನೇ ಬಿಟ್ಟುಕೊಡುವುದೆಂದು ಬಾಡಿಗೆಗೆ ಕೊಟ್ಟಿದ್ದ ಕಟ್ಟಡದವರಿಗೆ ಹೇಳಿದಳು. ತಂಗಿಯ ಮದುವೆ ಹತ್ತಿರದಲ್ಲಿತ್ತು. "ನಿನ್ನ ಮದುವೆ ಊಟ ಮಾಡಿ ಬಾಗಿಲು ಹಾಕ್ತೀನಿ," ಎಂದಳು ತಂಗಿಗೆ, ನಗುವವಳ ಹಾಗೆ. ತಂಗಿ ಅವಳನ್ನು ತಬ್ಬಿಕೊಂಡು ಅತ್ತಳು.

ದೊಡ್ಡ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದ ಮಧ್ಯಾಹ್ನ ಅಮ್ಮ ಮಂಡಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು.

"ಅವನಲ್ಲ ಕಣೇ."

"ಯಾರಮ್ಮಾ?"

"ಆ ಸಿಹಿ ಹುಡುಗ. ಅವನು ಯಾರಿಗೂ ಹೇಳ್ಲಿಲ್ಲ. ಹೇಳಿದ್ದು... ನಾನು."

ಅಕ್ಕನ ಕೈಯಿಂದ ಮುಚ್ಚಳ ಜಾರಿ ಠಣ್ ಎಂದಿತು.

"ನಿನಗೆ ಹೇಗಮ್ಮಾ ಗೊತ್ತು? ನಾನು ನಿನಗೆ ಹೇಳೇ ಇಲ್ವಲ್ಲ!"

"ಒಡೆದ ಹಾಲನ್ನ ನೀನು ಗಟಗಟ ಕುಡಿದು ಲೋಟ ಇಟ್ಟೆ. ಹೆತ್ತೋಳಿಗೆ ಅಷ್ಟೂ ಗೊತ್ತಾಗಲ್ವೇನೇ?" ಅಮ್ಮ ಮಂಡಿ ಉಜ್ಜಿಕೊಂಡರು. "ನೀನು ಹೇಳೋವರೆಗೆ ಸುಮ್ನಿರೋಣ ಅಂತಿದ್ದೆ. ಅವತ್ತು ನನ್ನ ಗೆಳತಿ ಬಂದಿದ್ಲು. ತನ್ನ ಮಗಳು ಹಾಗೆ, ಹೀಗೆ ಅಂತ ಕೊಚ್ಕೊಂಡ್ಲು. ನನಗೂ ತಡೀಲಿಲ್ಲ. ನನ್ನ ಮಗಳಿಗೆ ನಾಲಿಗೇಲಿ ರುಚಿನೇ ಇಲ್ಲ, ಆದ್ರೂ ಇಷ್ಟು ಜನಕ್ಕೆ ಊಟ ಹಾಕ್ತಾಳೆ, ಯಾರಿಗಿದೆ ಈ ಗಟ್ಟಿತನ ಅಂದೆ. ಹೆಮ್ಮೆಯಿಂದ ಅಂದೆ ಕಣೇ... ಹೆಮ್ಮೆಯಿಂದ!"

"ಅವರಿಗೆ ಗೊತ್ತಿತ್ತಾ? ಸಿಹಿಯವರಿಗೆ?"

"ಪಕ್ಕದ ಕೋಣೇಲೇ ಇದ್ದ, ಎಲ್ಲ ಕೇಳಿಸ್ಕೊಂಡ. ಸುದ್ದಿ ಎದುರಾಳಿ ಮಳಿಗೆ ಮುಟ್ಟಿದೆ ಅಂತ ಗೊತ್ತಾಗಿ, ದಯವಿಟ್ಟು ಹಬ್ಬಿಸ್ಬೇಡಿ ಅಂತ ಅವರನ್ನ ಬೇಡ್ಕೊಳ್ಳೋಕೆ ಹೋಗಿದ್ದ. ನನ್ನ ಮಗಳಿಗೆ ಹೇಳ್ಬೇಡಪ್ಪ, ಅವಳು ನನ್ನ ಮುಖ ನೋಡಲ್ಲ ಅಂತ ನಾನೇ ಅತ್ತೆ. ಅದಕ್ಕೇ ಬಾಯಿ ಬಿಡ್ಲಿಲ್ಲ. ನಾನೂ ಬಾಯಿ ಬಿಡ್ಲಿಲ್ಲ... ನನ್ನ ಬಾಯಿಗಿಷ್ಟು!"

ಅಮ್ಮ ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು. ಅಕ್ಕ ಆ ಕೈ ಹಿಡಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. *ನೀವು ನನ್ನನ್ನ ಕೇಳಲ್ವಾ?* ಎಂದಿದ್ದನಲ್ಲ... ಕೇಳಿದ್ದರೆ? ಒಂದೇ ಒಂದು ಮಾತು ಕೇಳಿದ್ದರೆ?

ಹಾಗೇ ಎದ್ದು, ಕೈಯ ಮಸಿ ಕೂಡ ತೊಳೆಯದೆ, ಅವನ ಕೋಣೆಗೆ ಹೋದಳು. ಬಾಗಿಲಿಗೆ ಬೀಗ ಜಡಿದಿತ್ತು. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಾ ಹೇಳಿದಳು: ಅವನಿಗೆ ದೂರದ ಊರಿನ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ, ಸಾಮಾನೆಲ್ಲ ಮಾರುತ್ತಿದ್ದಾನೆ, ಹೊರಟುಹೋಗುತ್ತಾನೆ.

ಅಕ್ಕ ಆ ಬೀಗವನ್ನು ಒಮ್ಮೆ ಮುಟ್ಟಿ ವಾಪಸ್ ಬಂದಳು.

*

ತಂಗಿಯ ಮದುವೆಯ ದಿನ ಅಡುಗೆಮನೆಗೆ ಕಾಲಿಟ್ಟ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು.

ಮೂಲೆಯ ಒಲೆಯ ಮುಂದೆ ಬೆನ್ನು ಮಾಡಿಕೊಂಡು ಸಿಹಿಯವನು ಹಾಲು ಕಾಯಿಸುತ್ತಿದ್ದ!

ಕರೆಸಿದ್ದು ತಂಗಿ. "ನನ್ನ ಮದುವೆಗೆ ಸಿಹಿ ನೀವೇ ಮಾಡ್ಬೇಕು ಅಣ್ಣಾ" ಎಂದು ಹಟ ಹಿಡಿದಿದ್ದಳಂತೆ. ಮರುದಿನ ಅವನು ಊರು ಬಿಡುವವನಿದ್ದ. ಬಂದ, ತಲೆ ತಗ್ಗಿಸಿ ಕೆಲಸಕ್ಕೆ ನಿಂತ, ಅಷ್ಟೇ. ಇವಳ ಕಡೆ ಕಣ್ಣೆತ್ತಲಿಲ್ಲ.

ಕ್ಷಮಿಸಿ ಎನ್ನಬೇಕೆಂದು ಅವಳು ಎಷ್ಟೋ ಸಲ ಅವನ ಒಲೆಯವರೆಗೆ ಹೋದಳು. ಒಮ್ಮೆ ಸೌಟು ಹುಡುಕಿದಳು, ಒಮ್ಮೆ ಬೆಂಕಿ ನೋಡಿದಳು, ಇನ್ನೊಮ್ಮೆ ಏನೂ ಮಾಡದೆ ಹಿಂದಿರುಗಿದಳು.

ಕೊನೆಗೆ ಒಂದು ಉಪಾಯ ಹೊಳೆಯಿತು.

ಅನ್ನ, ತರಕಾರಿ ಎಲ್ಲಕ್ಕೂ ತಾನೇ ಉಪ್ಪು ಅಳೆದು ಹಾಕಿ ಮುಚ್ಚಳ ಮಗುಚಿದಳು. ಸೂಪಿನ ದೊಡ್ಡ ಪಾತ್ರೆಯೊಂದನ್ನು ಮಾತ್ರ ಬಿಟ್ಟಳು. ಮುಚ್ಚಳ ನೆಟ್ಟಗೆ. ಉಪ್ಪಿನ ಡಬ್ಬಿ ಅದರ ಪಕ್ಕದಲ್ಲಿ, ಅವನ ಕೈಗೆ ಎಟುಕುವ ಹಾಗೆ.

*ಈ ಕೈ ನಿಮ್ಮದು. ನನ್ನನ್ನ ಕ್ಷಮಿಸಿದ್ರೆ... ಹಾಕಿ.*

ಸಿಹಿಯವನು ನೋಡಿದ. ಕೈ ಡಬ್ಬಿಯವರೆಗೂ ಹೋಯಿತು. *ಹೊರಗೆ ಹೋಗಿ ಅಂದ ಅಡುಗೆಮನೆಯಲ್ಲಿ ಕೇಳದೆ ಕೈ ಹಾಕಲಾ? ಒಂದು ಸಲ ಕರೀಲಿ. ಹಾಕ್ತೀರಾ ಅಂತ ಒಂದು ಮಾತು ಕೇಳ್ಲಿ...* ಕೈ ಹಿಂದೆ ಬಂತು. ಅವನು ಹಾಲಿನ ಪಾತ್ರೆ ಹೊತ್ತು ಹಿತ್ತಲಿಗೆ ಹೋದ.

ಪಕ್ಕದ ಮದುವೆ ಹಾಲ್‌ನಿಂದ ತಂಗಿ ಅಕ್ಕನನ್ನು ಕರೆದಳೆಂದು ಯಾರೋ ಬಂದರು. ಅವಳು ಹಾಲ್‌ಗೆ ಹೋದಳು.

ಆಗ ಬಂದಳು ನಮ್ಮ ಪಾತ್ರೆಯಜ್ಜಿ! ಸೂಪು ಕುದಿಯಿತೇ ಎಂದು ಮುಚ್ಚಳ ತೆಗೆದು ಇಣುಕಿದಳು, ಕೈಗೆ ಬಂದ ಹಾಗೆ ಮುಚ್ಚಿ ಹೋದಳು. ಈ ಸಲ ಮುಚ್ಚಳ ಮಗುಚಿ ಕೂತಿತು.

ಮೊದಲು ಬಂದವನು ಸಿಹಿಯವನು. ಮಗುಚಿದ ಮುಚ್ಚಳ ನೋಡಿದ. *ಹಾಕಿಯೇಬಿಟ್ರು. ನನ್ನ ಕೈ ಅವರಿಗೆ ಬೇಕಾಗಿಲ್ಲ.* ಎದೆಯಲ್ಲಿ ಉಳಿದಿದ್ದ ಚೂರು ಆಸೆಯೂ ಆರಿಹೋಯಿತು.

ಆಮೇಲೆ ಬಂದವಳು ಅಕ್ಕ. ಮಗುಚಿದ ಮುಚ್ಚಳ ನೋಡಿದಳು. ಕಣ್ಣು ತುಂಬಿ ಬಂತು. *ಹಾಕಿದ್ದಾರೆ... ನನ್ನನ್ನ ಕ್ಷಮಿಸಿದ್ದಾರೆ!* ಮುಚ್ಚಳದ ಮೇಲೆ ಮೆಲ್ಲಗೆ ಕೈಯಿಟ್ಟಳು, ಬಿಸಿಯಿದ್ದರೂ ತೆಗೆಯಲಿಲ್ಲ.

ಸೂಪು ಉಪ್ಪಿಲ್ಲದೆ ಪಂಕ್ತಿಗೆ ಹೋಯಿತು.

ಮೊದಲು ಒಬ್ಬ ಹಿರಿಯರು "ಉಪ್ಪು ಸ್ವಲ್ಪ ಈ ಕಡೆ ಕೊಡಿ" ಎಂದರು. ಪಕ್ಕದವರೂ ಕೈ ಚಾಚಿದರು. ಉಪ್ಪಿನ ಬಟ್ಟಲು ಮೇಜಿನಿಂದ ಮೇಜಿಗೆ ನಡೆಯತೊಡಗಿತು. ಬಡಿಸುತ್ತಿದ್ದ ಅಕ್ಕ ಅದನ್ನು ನೋಡಿದಳು, ಅವಳ ಕೈ ನಿಧಾನವಾಯಿತು.

"ನಾನು ಹೇಳ್ಲಿಲ್ವಾ? ಆಕೆಗೆ ರುಚಿನೇ ಗೊತ್ತಾಗಲ್ಲ. ಸ್ವಂತ ತಂಗಿ ಮದುವೆಗೇ ಹೀಗೆ ಮಾಡಿದ್ದಾಳೆ ನೋಡಿ, ಪಾಪ..." ಎಂದರು ಊಟಕ್ಕೆ ಕೂತವರೊಬ್ಬರು.

ಆ 'ಪಾಪ' ಅವಳ ಎದೆಗೆ ನೆಟ್ಟಿತು. ಮದುಮಗಳು ಮಾತ್ರ ಬಟ್ಟಲು ಎತ್ತಿ ಪೂರ್ತಿ ಕುಡಿದು "ತುಂಬಾ ಚೆನ್ನಾಗಿದೆ ಅಕ್ಕಾ!" ಎಂದಳು, ಎಲ್ಲರಿಗೂ ಕೇಳುವ ಹಾಗೆ. ಅದನ್ನು ತಡೆದುಕೊಳ್ಳುವುದು ಇನ್ನೂ ಕಷ್ಟವಾಯಿತು.

ಅಡುಗೆಮನೆಗೆ ಬಂದು ಖಾಲಿ ಗೋಣಿಯ ಮೇಲೆ ಕುಸಿದು ಕೂತಳು. ಎಲ್ಲ ಮುಗಿದಿತ್ತು. ಅಪ್ಪನ ಹೆಸರು, ಅಡುಗೆಮನೆ, ಕೊನೆಯ ಊಟ... ಮತ್ತೆ ಅವನು. ಬೇಕೆಂದೇ ಮಾಡಿದನೇ? ಮುಚ್ಚಳ ಮಗುಚಿಟ್ಟು, ಉಪ್ಪು ಹಾಕದೆ? ಹೀಗೆ ಸೇಡು ತೀರಿಸಿಕೊಂಡನೇ? *ಇಲ್ಲ. ಈ ಸಲ ಕೇಳದೆ ತೀರ್ಮಾನ ಮಾಡಲ್ಲ.*

"ಈ ಸೂಪಿಗೆ ಉಪ್ಪು ಹಾಕಿದವರು ಯಾರು?"

ಬಾಗಿಲಲ್ಲಿ ಅವನು ನಿಂತಿದ್ದ. ಕೈಯಲ್ಲಿ ಸೌಟು. ಈ ಸಲ ದನಿ ಜೋರಿರಲಿಲ್ಲ.

ಅವಳು ತಲೆಯೆತ್ತಿದಳು. "ನೀವು ಹಾಕ್ಲಿಲ್ವಾ?"

"ನಾನಾ? ನೀವು ಹಾಕ್ಲಿಲ್ವಾ?"

"ನಾನು ಹಾಕ್ಲಿಲ್ಲ. ನಿಮಗೆ ಅಂತ ಬಿಟ್ಟಿದ್ದೆ."

"ನನಗೆ ಅಂತ..." ಅವನ ಸೌಟು ಕೆಳಗಿಳಿಯಿತು. "ಮುಚ್ಚಳ ಮಗುಚಿತ್ತಲ್ಲ!"

ಬಾಗಿಲ ಹೊರಗೆ ಪಾತ್ರೆಯಜ್ಜಿ ಯಾರಿಗೋ ಹೇಳುತ್ತಿದ್ದಳು: "ಸೂಪು ಕುದೀತಾ ಅಂತ ನಾನೇ ನೋಡಿ ಮುಚ್ಚಿದ್ದು ಕಣಮ್ಮ, ಚೆನ್ನಾಗಿ ಕುದ್ದಿತ್ತು!"

ಇಬ್ಬರಿಗೂ ಒಟ್ಟಿಗೆ ಅರ್ಥವಾಯಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲು ಅತ್ತವಳು ಅಕ್ಕ.

"ಅಮ್ಮ ಎಲ್ಲ ಹೇಳಿದ್ರು. ನಿಮ್ಮ ಕೋಣೆಗೂ ಬಂದಿದ್ದೆ... ಬೀಗ ಹಾಕಿತ್ತು. ಅವತ್ತು ಒಂದು ಮಾತು ಕೇಳ್ಬೇಕಿತ್ತು ನಾನು. ಕೇಳ್ಲಿಲ್ಲ. ಇವತ್ತೂ ಕೇಳೋಕೆ ಬಾಯಿ ಬರ್ಲಿಲ್ಲ, ಮುಚ್ಚಳದ ಕೈಲಿ ಕೇಳಿಸ್ದೆ. ಕ್ಷಮಿಸ್ತೀರಾ?"

"ಕ್ಷಮಿಸಿ ಎಷ್ಟೋ ದಿನ ಆಯ್ತು," ಎಂದ ಅವನು. "ಕರೀತೀರ ಅಂತ ಕಾಯ್ತಿದ್ದೆ. ಬೆಳಿಗ್ಗೆಯಿಂದ ಕಾಯ್ತಿದ್ದೆ. ನೀವು ಮೂರ್ನಾಲ್ಕು ಸಲ ಬಂದು ನನ್ನ ಸೌಟು ನೋಡಿ ವಾಪಸ್ ಹೋದ್ರಿ."

ಅವನು ಎರಡು ಬಟ್ಟಲು ಸೂಪು ತೆಗೆದುಕೊಂಡು ಬಂದು ಗೋಣಿಯ ಮೇಲೆ ಅವಳ ಪಕ್ಕದಲ್ಲಿ ಕೂತ. ಒಂದನ್ನು ಅವಳಿಗೆ ಕೊಟ್ಟು ಇನ್ನೊಂದನ್ನು ತಾನು ಕುಡಿಯತೊಡಗಿದ.

"ಉಪ್ಪು ಹಾಕ್ಕೊಳ್ಳಿ."

"ಬೇಡ. ನೀವು ದಿನಾ ಏನು ಕುಡೀತೀರ ಅಂತ ನನಗೂ ಗೊತ್ತಾಗ್ಲಿ."

"ಹೇಗಿದೆ?"

ಅವನು ಇನ್ನೊಂದು ಗುಟುಕು ಕುಡಿದ. ಎಲ್ಲಕ್ಕೂ ಮಾತು ಹುಡುಕುತ್ತಿದ್ದವನ ಕಣ್ಣು ಒದ್ದೆಯಾಗಿತ್ತು. "ಏನೂ ಇಲ್ಲ."

"ಹೌದು," ಎಂದಳು ಅಕ್ಕ. "ಅಷ್ಟೇ. ಅದು ವಾಪಸ್ ಬರಲ್ಲ ಕೂಡ. ಡಾಕ್ಟರು ಹೇಳಿಬಿಟ್ಟಿದ್ದಾರೆ. ನಾಳೆಯಿಂದ ಈ ಅಡುಗೆಮನೇನೂ ಇರಲ್ಲ. ನೀವೂ ಹೊರಟ್ರಿ."

"ಹೊರಡ್ಲೇಬೇಕು, ಮಾತು ಕೊಟ್ಟಿದ್ದೀನಿ. ಪಥ್ಯದ ಅಡುಗೆ. ಅಲ್ಲಿ ಉಪ್ಪೂ ಇಲ್ಲ, ಸಕ್ಕರೇನೂ ಇಲ್ಲ."

"ಸಿಹಿಯವರು ಸಕ್ಕರೆ ಇಲ್ಲದ ಕಡೆಗಾ?"

"ಇಲ್ಲಿ ಸಿಹಿ ಮಾಡೋಕೆ ಮನಸ್ಸೇ ಬರ್ತಿರ್ಲಿಲ್ಲ."

ಹಾಲ್‌ನಲ್ಲಿ ಯಾರೋ ಜೋರಾಗಿ ನಕ್ಕರು. ಉಪ್ಪಿನ ಬಟ್ಟಲು ಇನ್ನೂ ಓಡಾಡುತ್ತಿದ್ದಿರಬೇಕು. ಅಕ್ಕನಿಗೆ ಅದೀಗ ದೂರದ ಸದ್ದಾಗಿ ಕೇಳಿತು.

"ಅವತ್ತಿನ ಸಿಹಿ ಹೇಗಿತ್ತು ಅಂತ ನೀವು ಹೇಳ್ಲೇ ಇಲ್ಲ. ನಾಳೆ ಹೇಳ್ತೀನಿ ಅಂದಿದ್ರಿ."

ಅವನು ಬಟ್ಟಲನ್ನು ನೆಲದ ಮೇಲಿಟ್ಟ.

"ಕೆಲಸ ಮುಗಿಸಿ ಮನೆಗೆ ಹೋದಾಗ ಒಳಗಿಂದ ಯಾರಾದ್ರೂ ಬಾಗಿಲು ತೆಗೆದ್ರೆ ಹೇಗಿರತ್ತೆ? ಹಾಗಿತ್ತು. ನನಗೆ ಯಾವತ್ತೂ ಯಾರೂ ತೆಗೆದಿಲ್ಲ. ನಾನೇ ಬೀಗ ಹಾಕ್ಕೊಂಡು ಹೋಗ್ತೀನಿ, ನಾನೇ ತೆಗೀತೀನಿ. ಆದ್ರೂ ಆ ಸಿಹಿ ಮಾಡ್ವಾಗ ಹಾಗನ್ನಿಸ್ತು." ಕಿವಿ ಮತ್ತೆ ಕೆಂಪಾಗಿತ್ತು. "ನಿಮ್ಮನ್ನ ನೆನೆಸ್ಕೊಂಡು ಮಾಡಿದ್ದೆ."

ಅವಳು ಅವನ ಕೈ ಹಿಡಿದಳು. ಸಕ್ಕರೆ ಪಾಕದ ಅಂಟು ಇನ್ನೂ ಇತ್ತು.

"ಅಲ್ಲಿ ತರಕಾರಿ ಹೆಚ್ಚೋರು ಬೇಕಾ? ರುಚಿ ಗೊತ್ತಾಗದೇ ಇರೋರು?"

ಅವನು ಅವಳನ್ನೇ ನೋಡಿದ. "ಅಮ್ಮ?"

"ಬಿಟ್ಟು ಬರೋಕಾಗಲ್ಲ."

"ಅವರನ್ನೂ ಕರ್ಕೊಂಡು ಬಾ. ಬೆಳ್ಳುಳ್ಳಿ ಅಲ್ಲೂ ಸುಲೀಬೇಕು."

'ಬಾ' ಎಂದಿದ್ದ. ಇಷ್ಟು ದಿನ 'ಮೇಡಂ' ಎನ್ನುತ್ತಿದ್ದವನು! ಇಬ್ಬರೂ ಅದನ್ನು ಗಮನಿಸಿದರು, ಇಬ್ಬರೂ ಗಮನಿಸದ ಹಾಗೆ ಕೂತರು. ಹೊಸ ಊರು ಹೇಗಿರುತ್ತದೋ, ಕೆಲಸ ಸಿಗುತ್ತದೋ ಇಲ್ಲವೋ, ಯಾವುದೂ ಗೊತ್ತಿರಲಿಲ್ಲ. ಗೋಡೆಗೆ ಒರಗಿಸಿದ್ದ ಅಪ್ಪನ ಕಾಲದ ಮುಚ್ಚಳಗಳನ್ನು ನಾಳೆ ಯಾರೋ ತೂಕಕ್ಕೆ ಹಾಕಿಕೊಂಡು ಹೋಗುವವರಿದ್ದರು.

"ಆಸ್ಪತ್ರೇಲಿ ಉಪ್ಪಿಲ್ಲ, ಸರಿ," ಎಂದಳು ಅವಳು. "ಮ್... ಮನೇಲಿ? ಮನೇಲಿ ಉಪ್ಪು ಹಾಕೋರು ಯಾರು?"

"ಇಬ್ರಲ್ಲಿ ಯಾರಾದ್ರೂ ಹಾಕೋಣ. ಮುಚ್ಚಳ ನೋಡಿ ಅಲ್ಲ, ಕೇಳಿ." ಅವನು ಅವಳ ಕಣ್ಣೊರೆಸಿದ. "ಕೇಳ್ತೀಯ ತಾನೇ?"

"ಕೇಳ್ತೀನಿ," ಎಂದಳು ಅವಳು.